ಪಾತ್ರಕ್ಕೆ ಆಸೆ ಎಲ್ಲಿಂದ ಬರಬೇಕು? ಜೀವನದ ಆಟಗಳಲ್ಲಿ ಮನೆಯವರ ಆಸೆಗೆ ಜಾಗ ಯಾಕಿಲ್ಲ?

ತೊಗರಿನಾಡು (ಕಲಬುರಗಿ)

ಸಿಮ್ಸ್ ಥರದ, ಅಂದರೆ ಪಾತ್ರಗಳ ಮನೆ-ಬದುಕನ್ನು ನಾವೇ ನಡೆಸುವ ಕಂಪ್ಯೂಟರ್ ಆಟಗಳಲ್ಲಿ, ಪಾತ್ರಕ್ಕೆ ಏನು ಬೇಕು, ಯಾಕೆ ಬೇಕು ಅನ್ನೋದನ್ನು ಹೇಗೆ ಕಟ್ಟಬೇಕು? ಬೇರೆ ಚರ್ಚೆಗಳ ನಡುವೆ ಈ ಮಾತು ಬಂದು ಅರ್ಧಕ್ಕೇ ನಿಲ್ಲುತ್ತಿದೆ. ಇಲ್ಲಿ ಒಂದು ಕಡೆ ಕೂತು ಮಾತಾಡೋಣ.

ನನ್ನ ತಕರಾರು ಇದು. ಈ ಆಟಗಳಲ್ಲಿ ಆಸೆ ಒಬ್ಬರ ತಲೆಯಲ್ಲಿ ಹುಟ್ಟುತ್ತದೆ, ಅವರೇ ಪೂರೈಸಿಕೊಳ್ಳುತ್ತಾರೆ, ಅಂಕ ಬರುತ್ತದೆ, ಮುಗೀತು. ನಮ್ಮ ಕಡೆ ಹಾಗಿದೆಯಾ? ಬ್ರಹ್ಮಪುರದ ಯಾವುದೋ ಒಂದು ಮನೆ ತಗೊಳ್ಳಿ. ಮಗಳು ಬಿಎಸ್ಸಿ ಮುಗಿಸಿದ್ದಾಳೆ. ಅವಳಿಗೆ ಹೈದರಾಬಾದಿಗೆ ಹೋಗಿ ದುಡಿಯಬೇಕು. ಅಪ್ಪನಿಗೆ ಅವಳು ಧಾರವಾಡದಲ್ಲಿ ಕೋಚಿಂಗ್ ಸೇರಿ ಸರ್ಕಾರಿ ನೌಕರಿ ಹಿಡಿಯಬೇಕು. ಅವ್ವನಿಗೆ ಈ ವರ್ಷವೇ ಗಂಡು ನೋಡಬೇಕು. ಅಜ್ಜಿಗೆ ಮೊಮ್ಮಗಳು ಊರು ಬಿಡಬಾರದು, ಅಷ್ಟೇ. ಒಬ್ಬಳ ಬದುಕಿನ ಮೇಲೆ ನಾಲ್ಕು ಜನರ ಆಸೆ. ಯಾವ ಆಟದಲ್ಲಿ ಇದನ್ನು ಆಡಬಹುದು, ಹೇಳಿ.

2000ರಲ್ಲಿ ಬಂದ ಮೊದಲ ದಿ ಸಿಮ್ಸ್‌ನಲ್ಲಿ ಆಸೆ ಅನ್ನೋದೇ ಇರಲಿಲ್ಲ. ಹಸಿವು, ನಿದ್ದೆ, ಸ್ವಚ್ಛತೆ, ಶೌಚ, ಮೋಜು ಹೀಗೆ ಎಂಟು ಅಗತ್ಯಗಳು ಮಾತ್ರ. 2004ರ ಸಿಮ್ಸ್ 2 ಅದರ ಮೇಲೆ ಆಸೆ, ಭಯ ಎರಡನ್ನೂ ಕೂರಿಸಿತು. ದೊಡ್ಡವರಿಗೆ ಕುಟುಂಬ, ಹಣ, ಜ್ಞಾನ, ಜನಪ್ರಿಯತೆ, ಪ್ರಣಯ ಅಂತ ಐದು ದಾರಿ. ಒಂದು ಸಲಕ್ಕೆ ನಾಲ್ಕು ಆಸೆ, ಮೂರು ಭಯ ಕಾಣುತ್ತಿದ್ದವು. ಪ್ರಣಯದ ದಾರಿಯವನಿಗೆ ಮದುವೆ ಅಂದರೆ ಭಯ. ಕುಟುಂಬದ ದಾರಿಯವಳಿಗೆ ಅದೇ ಮದುವೆ ಆಸೆ. ಇಬ್ಬರನ್ನು ಒಂದೇ ಮನೆಯಲ್ಲಿ ಇಟ್ಟು ನೋಡಿ. ಕಥೆ ಬರೆಯುವ ಕೆಲಸವೇ ಇಲ್ಲ, ತಾನಾಗಿಯೇ ಶುರುವಾಗುತ್ತದೆ. ನನ್ನ ಪ್ರಕಾರ ಈ ಸಾಲಿನ ಆಟಗಳಲ್ಲಿ ಅದೇ ಎತ್ತರದ ಜಾಗ.

2009ರ ಸಿಮ್ಸ್ 3 ಭಯವನ್ನು ತೆಗೆದುಹಾಕಿತು. ಐದು ಗುಣ ಕೊಟ್ಟು, ಜೀವಮಾನದ ಒಂದು ಗುರಿಯನ್ನು ನಡುವೆ ಇಟ್ಟಿತು. ಅದೂ ಪರವಾಗಿಲ್ಲ. 2014ರ ಸಿಮ್ಸ್ 4ರಲ್ಲಿ ಆ ಗುರಿ ಹಂತ ಹಂತದ ಕೆಲಸದ ಪಟ್ಟಿಯಾಗಿ ಹೋಯ್ತು. ಇಷ್ಟು ಅಡುಗೆ ಮಾಡು, ಇಷ್ಟು ಜನರ ಜೊತೆ ಗೆಳೆತನ ಮಾಡು, ಟಿಕ್ ಹಾಕು. ಬೇಡ ಅನಿಸಿದರೆ ಇನ್ನೊಂದು ಗುರಿಗೆ ಹಾರಿಬಿಡಬಹುದು. ಬಿಟ್ಟಿದ್ದಕ್ಕೆ ಪಾತ್ರಕ್ಕೆ ಬೇಜಾರೂ ಇಲ್ಲ, ನೆನಪೂ ಇಲ್ಲ. 2022ರ ಜುಲೈಯಲ್ಲಿ ಆಸೆ-ಭಯಗಳನ್ನು ವಾಪಸ್ ತಂದರು ನಿಜ. ಆದರೆ ಅವು ಇನ್ನೂ ಒಬ್ಬೊಬ್ಬರ ತಲೆಯೊಳಗೇ ಇವೆ.

ನಿಮಗೆ ಏನನಿಸುತ್ತದೆ?

ಮನೆಕಟ್ಟುವಾಕೆ (ಕಲಬುರಗಿ)

ನಾನು ಪೂರಾ ವಿರುದ್ಧ.

ನನಗೆ ಎದ್ದಾಗಿನಿಂದ ಮಲಗುವವರೆಗೆ ಬೇರೆಯವರ ಆಸೆಗಳೇ. ಅತ್ತೆಗೆ ಬಿಸಿ ರೊಟ್ಟಿ ಬೇಕು, ಮಗನಿಗೆ ರೊಟ್ಟಿ ಬೇಡ. ಗಂಡನಿಗೆ ಟಿಫಿನ್ ಎಂಟಕ್ಕೇ ಬೇಕು. ರಾತ್ರಿ ಎಲ್ಲರೂ ಮಲಗಿದ ಮೇಲೆ ಲ್ಯಾಪ್‌ಟಾಪ್ ತೆಗೆದರೆ ಅಲ್ಲೂ ಅತ್ತೆಯ ಆಸೆ ಕಾಣಿಸಬೇಕಾ? ನಾನು ಆಟ ಆಡೋದು ಮನೆ ಕಟ್ಟೋಕೆ. ಕಿಟಕಿ ಎಲ್ಲಿರಬೇಕು, ಅಂಗಳ ಎಷ್ಟಿರಬೇಕು, ಅದು ನನ್ನ ಇಷ್ಟ. ಆಸೆಯ ಫಲಕದ ಕಡೆ ಕಣ್ಣು ಹಾಯಿಸುವುದೂ ಇಲ್ಲ.

ಇನ್ನೊಂದು ಮಾತು. ಈ ಆಟ ಶುರುವಾಗಿದ್ದೇ ಮನೆ ಕಟ್ಟುವ ಆಟವಾಗಿ. 1991ರಲ್ಲಿ ಅಮೆರಿಕದ ಓಕ್ಲೆಂಡ್ ಗುಡ್ಡಗಳಿಗೆ ಬೆಂಕಿ ಬಿದ್ದಾಗ ಸಿಮ್ಸ್ ಮಾಡಿದ ವಿಲ್ ರೈಟ್ ಅವರ ಮನೆ ಸುಟ್ಟುಹೋಯ್ತು. ಮತ್ತೆ ಸಂಸಾರ ಕಟ್ಟಿಕೊಳ್ಳುವಾಗ ಮನುಷ್ಯನಿಗೆ ನಿಜಕ್ಕೂ ಏನೇನು ಸಾಮಾನು ಬೇಕು ಅಂತ ಯೋಚಿಸುತ್ತಾ ಇದರ ವಿಚಾರ ಬೆಳೆಯಿತು. ಆಮೇಲೆ ಮನೆ ಚೆನ್ನಾಗಿದೆಯಾ ಇಲ್ಲವಾ ಅಂತ ಅಳೆಯೋಕೆ ಒಳಗೆ ಜನರನ್ನು ಬಿಟ್ಟರು. ಮನೆ ಮೊದಲು, ಜನ ಆಮೇಲೆ. ನೀವೆಲ್ಲ ಉಲ್ಟಾ ಮಾಡ್ತಿದ್ದೀರಿ.

ತೊಗರಿನಾಡು

ಅಕ್ಕಾ, ಆ ಅಂಗಳ ಯಾರಿಗೆ ಅಂತ ಕಟ್ಟುತ್ತೀರಿ? ಅಲ್ಲಿ ಕೂರುವವರು ಯಾರಾದರೂ ಇರಬೇಕಲ್ವಾ?

ಮನೆಕಟ್ಟುವಾಕೆ

ನನಗೇ. ನಾನೊಬ್ಬಳೇ ಕೂರುತ್ತೇನೆ.

ಬಿದ್ರಿಕೈ (ಬೀದರ್)

ಈ ಎಳೆ ನನಗಾಗಿಯೇ ತೆಗೆದಂಗಿದೆ. ನಾನು ಮತ್ತು ನನ್ನ ಗೆಳೆಯ ಗೊಡೋ ಅನ್ನುವ ಆಟ ಕಟ್ಟುವ ಸಾಫ್ಟ್‌ವೇರಿನಲ್ಲಿ ಒಂದು ಸಣ್ಣ ಆಟ ಮಾಡುತ್ತಿದ್ದೇವೆ. ಬೀದರ್‌ನ ಒಂದು ಓಣಿ, ಒಂದೇ ಮನೆ, ಬಿದ್ರಿ ಕೆಲಸದ ಕುಟುಂಬ. ಅಪ್ಪ, ಅವ್ವ, ಮಗ, ಅಜ್ಜಿ. ಇಬ್ಬರೂ ಕಾಲೇಜು ಹುಡುಗರು, ದುಡ್ಡಿಲ್ಲ, ಸಮಯವೂ ಜಾಸ್ತಿ ಇಲ್ಲ. ಅದಕ್ಕೇ ಒಂದೇ ಮನೆ.

ಕೆಲಸದ ಭಾಗ ಸರಿಯಾಗಿ ಬಂದಿದೆ. ಸತು ಮತ್ತು ತಾಮ್ರದ ಮಿಶ್ರಲೋಹ ಎರಕ ಹೊಯ್ಯುವುದು, ಉಜ್ಜುವುದು, ಉಳಿಯಿಂದ ಹೂಬಳ್ಳಿ ಕೆತ್ತುವುದು, ಬೆಳ್ಳಿ ತಂತಿ ಕೂರಿಸಿ ಬಡಿಯುವುದು, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಹಾಕಿದ ನೀರಲ್ಲಿ ಅದ್ದುವುದು. ಅದ್ದಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಗಳಿಗೆ ಆಟದಲ್ಲೂ ಖುಷಿ ಕೊಡುತ್ತದೆ, ನಾನೇ ಎಷ್ಟು ಸಲ ಅದ್ದಿದ್ದೇನೋ.

ಸಿಕ್ಕಿಬಿದ್ದಿರುವುದು ಆಸೆಯ ಭಾಗದಲ್ಲಿ. ಅಪ್ಪನ ಆಸೆ: ಮಗ ಈ ಕೆಲಸ ಕಲಿಯಬೇಕು. ಮಗನ ಆಸೆ: ಡಿಪ್ಲೊಮಾ ಮುಗಿಸಿ ಹೈದರಾಬಾದ್. ಈಗ ಆಟಗಾರ ಮಗನನ್ನು ಹೈದರಾಬಾದಿಗೆ ಕಳಿಸಿದರೆ ಮಗನಿಗೆ ಅಂಕ, ಅಪ್ಪನಿಗೆ ಕಡಿತ. ಉಳಿಸಿಕೊಂಡರೆ ಉಲ್ಟಾ. ಕೂಡಿಸಿ ಕಳೆದರೆ ಸೊನ್ನೆ. ಇಷ್ಟೇ ಆದರೆ ಆಟ ಎಲ್ಲಿ ಬಂತು? ಯಾರಾದರೂ ದಾರಿ ಹೇಳಿ.

ಲೂಪ್‌ಒಳಗೆ (ಕಲಬುರಗಿ)

ಪ್ರೋಗ್ರಾಮಿಂಗ್ ನನ್ನ ಹೊಟ್ಟೆಪಾಡು. ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಅಗತ್ಯ ಬೇರೆ, ಆಸೆ ಬೇರೆ ಅಂತ ಇಟ್ಟುಕೊಳ್ಳಿ. ಮೊದಲ ಸಿಮ್ಸ್‌ನಲ್ಲಿ ಬುದ್ಧಿ ಇದ್ದದ್ದು ಜನರಲ್ಲಿ ಅಲ್ಲ, ಸಾಮಾನಿನಲ್ಲಿ. ಫ್ರಿಜ್ಜು ತನ್ನ ಸುತ್ತ ಕೂಗುತ್ತಾ ಇರುತ್ತದೆ: ನನ್ನ ಹತ್ತಿರ ಬಾ, ಹಸಿವು ಇಷ್ಟು ಇಳಿಯುತ್ತದೆ. ಹಾಸಿಗೆ ಕೂಗುತ್ತದೆ: ಇಷ್ಟು ಶಕ್ತಿ ಕೊಡುತ್ತೇನೆ. ಪಾತ್ರಕ್ಕೆ ಆ ಹೊತ್ತಿಗೆ ಯಾವುದು ಜಾಸ್ತಿ ಕೊರತೆಯೋ, ಸಾಮಾನು ಎಷ್ಟು ದೂರ ಇದೆಯೋ, ಅದೆಲ್ಲ ಲೆಕ್ಕ ಹಾಕಿ ಮೇಲೆ ಬಂದ ಕೆಲವು ಆಯ್ಕೆಗಳಲ್ಲಿ ಒಂದನ್ನು ಎತ್ತಿಕೊಳ್ಳುತ್ತದೆ. ಯಾವಾಗಲೂ ಮೊದಲನೆಯದನ್ನೇ ಎತ್ತಿದರೆ ಯಂತ್ರದ ಥರ ಕಾಣುತ್ತದೆ, ಅದಕ್ಕೇ ಸ್ವಲ್ಪ ಅದೃಷ್ಟ ಬೆರೆಸುತ್ತಾರೆ. ಹೊಸ ಸಾಮಾನು ಸೇರಿಸಿದರೆ ಪಾತ್ರದ ಕೋಡ್ ಮುಟ್ಟುವ ಕೆಲಸವೇ ಇಲ್ಲ. ತುಂಬಾ ಚೆಂದದ ಉಪಾಯ.

ಇದು ಹಸಿವಿಗೆ ಸರಿ. ಹಸಿವಿಗೆ ಇತಿಹಾಸ ಇಲ್ಲ, ಉಂಡರೆ ಹೋಯ್ತು. ಆಸೆಗೆ ಇತಿಹಾಸ ಇರುತ್ತದೆ. ಯಾವಾಗ ಹುಟ್ಟಿತು, ಯಾರನ್ನು ನೋಡಿ ಹುಟ್ಟಿತು, ಎಷ್ಟು ಸಲ ಮುಂದೂಡಿದರು. ಹೆಚ್ಚಿನ ಆಟಗಳು ಆಸೆಯನ್ನೂ ಹಸಿವಿನ ಥರ ನಡೆಸುತ್ತವೆ. ಸಿಮ್ಸ್ 2ರಲ್ಲೂ ರಾತ್ರಿ ಮಲಗಿ ಎದ್ದರೆ ಬೀಗ ಹಾಕದ ಆಸೆಗಳು ಬದಲಾಗಿಬಿಡುತ್ತಿದ್ದವು. ತೊಗರಿನಾಡು ಅಣ್ಣ ಅದನ್ನು ಅಷ್ಟು ಎತ್ತರದಲ್ಲಿ ಕೂರಿಸಿದ್ದಾರೆ, ನಾನು ಅಷ್ಟು ಮೇಲೆ ಕೂರಿಸುವುದಿಲ್ಲ.

ಎರಡನೆಯದು ತೃಪ್ತಿಯ ಲೆಕ್ಕ. ವಸಾಹತು ಕಟ್ಟಿ ನಡೆಸುವ ರಿಮ್‌ವರ್ಲ್ಡ್ ಆಟದಲ್ಲಿ ಒಂದು ಜಾಣ ನಿಯಮ ಇದೆ. ವಸಾಹತು ಬಡವಾಗಿದ್ದಾಗ ಜನರ ನಿರೀಕ್ಷೆ ಕಡಿಮೆ, ಸಣ್ಣ ಕೋಣೆಯಲ್ಲೂ ಸುಮ್ನೆ ಇರುತ್ತಾರೆ. ಸಂಪತ್ತು ಬೆಳೆದ ಹಾಗೆ ನಿರೀಕ್ಷೆ ಏರುತ್ತದೆ, ಅದೇ ಕೋಣೆ ಈಗ ಸಾಲದು. ಯಾರೂ ಅವರಿಗೆ ಹೊಸ ಆಸೆ ಬರೆದುಕೊಟ್ಟಿಲ್ಲ, ಆದರೂ ಹೊಸ ಆಸೆ ಬಂದಂಗೆ ಕಾಣುತ್ತದೆ. ಮನೆಗೆ ಕೂಲರ್ ಬರುವವರೆಗೆ ಕಲಬುರಗಿಯ ಮೇ ತಿಂಗಳು ಫ್ಯಾನಿನಲ್ಲೇ ಕಳೆಯುತ್ತಿತ್ತು. ಕೂಲರ್ ಬಂದ ಮರು ವರ್ಷ ಏಸಿ ಮಾತು ಶುರು. ಈಗ ಈ ಮೆಸೇಜ್ ಟೈಪ್ ಮಾಡುತ್ತಿರುವಾಗ ಕರೆಂಟೇ ಇಲ್ಲ, ಅದು ಬೇರೆ ಮಾತು.

ಕುಳ್ಳರ ಕೋಟೆ ನಡೆಸುವ ಆಟ ಡ್ವಾರ್ಫ್ ಫೋರ್ಟ್ರೆಸ್ ಇನ್ನೊಂದು ದಾರಿ ಹಿಡಿಯಿತು. ಪ್ರತಿ ಕುಳ್ಳನಿಗೂ ಬದುಕಿನಲ್ಲಿ ಒಂದು ಕನಸು: ಸಂಸಾರ ಕಟ್ಟಬೇಕು, ಒಂದು ಶ್ರೇಷ್ಠ ವಸ್ತು ಮಾಡಬೇಕು, ಹೀಗೆ. ಜೊತೆಗೆ ಸ್ವಭಾವದಿಂದ ಬಂದ ಅಗತ್ಯಗಳು. ಒಬ್ಬನಿಗೆ ದೇವರ ಪ್ರಾರ್ಥನೆ, ಒಬ್ಬನಿಗೆ ಮನೆಯವರ ಜೊತೆ ಮಾತು, ಒಬ್ಬನಿಗೆ ಏನಾದರೂ ಕೈಕೆಲಸ. ಅವು ಬಹಳ ದಿನ ಸಿಗದಿದ್ದರೆ ಮನಸ್ಸು ಚದುರಿ ಕೆಲಸದ ಗುಣಮಟ್ಟ ಇಳಿಯುತ್ತದೆ. ಇಲ್ಲಿ ಅಂಕ ಕಾಣುವುದಿಲ್ಲ. ಕೈಯಲ್ಲಿ ಕಾಣುತ್ತದೆ.

ಬಿದ್ರಿಕೈ, ನಿನ್ನ ಉತ್ತರ ಇಲ್ಲೇ ಇದೆ. ಅಪ್ಪನಿಗೆ ಅಂಕ ಕಡಿತ ಮಾಡಬೇಡ. ಮಗ ಹೋದ ಮೇಲೆ ಅಪ್ಪನ ಕೆತ್ತನೆಯ ಗೆರೆ ನಡುಗಲಿ. ಆರ್ಡರ್ ತಡವಾಗಲಿ. ಆಗ ಮಗ ದುಡ್ಡು ಕಳಿಸುವುದು ಆಟದೊಳಗೇ ಬೇಕಾಗುತ್ತದೆ. ಕೂಡಿ ಕಳೆದರೆ ಸೊನ್ನೆ ಬರಲ್ಲ, ಹೊಸ ಪರಿಸ್ಥಿತಿ ಬರುತ್ತದೆ.

ಬಿದ್ರಿಕೈ

ಅಣ್ಣಾ, ಕೈ ಮುಗಿದೆ. ಗೆರೆ ನಡುಗುವುದು ಇವತ್ತೇ ಹಾಕಿ ನೋಡುತ್ತೇನೆ.

ರಾತ್ರಿಪಾಳಿ (ಕಲಬುರಗಿ)

ಮಗ ಹೋದ ದಿನವೇ ಗೆರೆ ನಡುಗುವುದು ಬೇಡ. ಮೊದಲ ವಾರ ಎಲ್ಲರೂ ಗಟ್ಟಿ ಇರುತ್ತಾರೆ. ನಾನು ದವಾಖಾನೆಯಲ್ಲಿ ನರ್ಸ್, ಆಮೇಲೆ ಬಿಪಿ ಏರಿಸಿಕೊಂಡು ಬರುವವರನ್ನು ನೋಡಿ ಹೇಳುತ್ತಿದ್ದೇನೆ.

ಸುರಪುರದಾಕೆ (ಈಗ ಬೆಂಗಳೂರು)

ಯಾದಗಿರಿ ಜಿಲ್ಲೆಯವರು ಯಾರೂ ಇನ್ನೂ ಬಾಯಿ ತೆಗೆದಿಲ್ಲ, ನಾನೇ ಶುರು ಮಾಡುತ್ತೇನೆ.

ಈ ಆಟಗಳಲ್ಲಿ ಗುರಿ ಅಂದರೆ ಯಾವಾಗಲೂ ಏರುವುದು. ಅಡುಗೆಯವ ಆಗು, ಮುಖ್ಯ ಅಡುಗೆಯವ ಆಗು, ಹೋಟೆಲ್ ಮಾಲೀಕ ಆಗು. ಸಿಮ್ಸ್ 3ರಲ್ಲಿ ಐವತ್ತು ಸಾವಿರ ಕೂಡಿಹಾಕುವುದು ಜೀವಮಾನದ ಗುರಿಗಳಲ್ಲಿ ಒಂದು. ಕೂಡಿದ ಮೇಲೆ? ಏನೂ ಇಲ್ಲ, ಆ ದುಡ್ಡು ಹಾಗೇ ಇರುತ್ತದೆ.

ನಮ್ಮೂರಿಂದ ಬೆಂಗಳೂರಿಗೆ, ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಹೋದವರನ್ನು ಕೇಳಿ. ಯಾರೂ ‘ನಾನು ದೊಡ್ಡ ಮೇಸ್ತ್ರಿ ಆಗಬೇಕು’ ಅನ್ನಲ್ಲ. ಅಕ್ಕನ ಮದುವೆ ಸಾಲ ತೀರಬೇಕು. ಊರಲ್ಲಿ ಬೋರು ಹಾಕಿಸಬೇಕು. ಮಳೆ ಬಂದರೆ ವಾಪಸ್ ಹೋಗಿ ಬಿತ್ತಬೇಕು. ಗುರಿ ಇರುವ ಜಾಗ ಒಂದು, ದುಡಿಯುವ ಜಾಗ ಇನ್ನೊಂದು. ದುಡ್ಡು ಕೂಡುತ್ತಾ ಬಂದಾಗ ಊರಿಂದ ಫೋನ್ ಬರುತ್ತದೆ, ಯಾರಿಗೋ ಆಸ್ಪತ್ರೆ, ಮತ್ತೆ ಮೊದಲಿಂದ. ಆ ಗುರಿ ಸೋತಿದೆ ಅಂತ ಹೇಳೋಕಾಗಲ್ಲ. ಮುಗಿದಿಲ್ಲ ಅಷ್ಟೇ. ಅದನ್ನು ಹಿಡಿದುಕೊಂಡೇ ಹತ್ತು ವರ್ಷ ದುಡಿಯುವವರಿದ್ದಾರೆ.

ನನಗೆ ಬೇಕಿರುವ ಆಟ ಇದು: ಗುರಿ ಮುಗಿಯುವುದಕ್ಕಿಂತ ಅದನ್ನು ಹೊತ್ತುಕೊಂಡು ಬದುಕುವುದಕ್ಕೆ ಜಾಸ್ತಿ ಬೆಲೆ ಕೊಡುವ ಆಟ. ಪಾತ್ರ ಏನನ್ನು ಬಿಟ್ಟುಕೊಟ್ಟಿತು ಅನ್ನೋದೂ ಎಲ್ಲೋ ಉಳಿಯಬೇಕು. ಸಿಮ್ಸ್ 2ರಲ್ಲಿ ನೆನಪುಗಳ ಪಟ್ಟಿ ಇತ್ತು, ಆಗಿದ್ದೆಲ್ಲ ಅದರಲ್ಲಿ ಸೇರುತ್ತಿತ್ತು. ಆಗದೇ ಹೋದದ್ದರ ಪಟ್ಟಿ ಯಾಕೆ ಇರಬಾರದು?

ಮನೆಕಟ್ಟುವಾಕೆ ಅಕ್ಕನ ಮಾತೂ ನನಗೆ ಅರ್ಥ ಆಗುತ್ತದೆ. ನಾನೂ ಪಿಜಿಯಲ್ಲಿ ಮೂರು ಜನರ ಕೋಣೆಯಲ್ಲಿ ಇದ್ದೇನೆ. ಆಟದಲ್ಲಿ ಒಂದು ಖಾಲಿ ಮನೆ ಸಿಕ್ಕರೆ ಬಿಡಲ್ಲ.

ಮನೆಕಟ್ಟುವಾಕೆ

ಬಾ, ನಿನಗೊಂದು ಕೋಣೆ ಕಟ್ಟಿಕೊಡುತ್ತೇನೆ. ದಕ್ಷಿಣಕ್ಕೆ ಕಿಟಕಿ ಇಡಲ್ಲ, ಬಿಸಿಲು.

ಆಳಂದ ಮಾಸ್ತರ (ಕಲಬುರಗಿ)

ನಾನು ಹೈಸ್ಕೂಲಿನಲ್ಲಿ ಪಾಠ ಹೇಳುವವನು. ಆಟ ಕಲಿತದ್ದು ಮಗಳ ದೆಸೆಯಿಂದ. ಅವಳು ಸ್ಟಾರ್ಡ್ಯೂ ವ್ಯಾಲಿ ಅನ್ನುವ ಹೊಲ ಮಾಡುವ ಆಟ ಆಡುತ್ತಿದ್ದಳು, ಪಕ್ಕದಲ್ಲಿ ಕೂತು ಕೂತು ನನಗೂ ಹಿಡಿಯಿತು.

ತೊಗರಿನಾಡು ಅವರು ಮನೆಯವರ ಆಸೆಗೆ ಯಾವ ಆಟದಲ್ಲೂ ಜಾಗ ಇಲ್ಲ ಅಂತಾರೆ. ಪೂರ್ತಿ ಒಪ್ಪಲಾರೆ. 2016ರಲ್ಲಿ ಬಂದ ಆ ಆಟ ಶುರುವಾಗುವುದೇ ಅಜ್ಜನ ಕಾಗದದಿಂದ. ತೀರಿಹೋದ ಅಜ್ಜ ಹೊಲ ಬಿಟ್ಟುಹೋಗಿದ್ದಾನೆ. ಮೂರನೆಯ ವರ್ಷದ ಮೊದಲ ದಿನ ಅವನ ಆತ್ಮ ಬಂದು, ಮೊಮ್ಮಗ ಹೇಗೆ ಬಾಳಿದ್ದಾನೆ ಅಂತ ನೋಡಿ ಮೇಣದ ಬತ್ತಿ ಹಚ್ಚುತ್ತದೆ. ನಾಲ್ಕು ಹತ್ತಿದರೆ ಪೂರ್ಣ ತೃಪ್ತಿ. ನೀವು ಎರಡು ವರ್ಷ ನಿಮ್ಮ ಇಷ್ಟದಂತೆ ಆಡಿದ್ದೀರಿ ಅಂತ ತಿಳಿದಿರುತ್ತೀರಿ. ಆದರೆ ತಲೆಯ ಹಿಂದೆ ಅಜ್ಜ ಕೂತಿರುತ್ತಾನೆ. ಕಡಿಮೆ ಬತ್ತಿ ಹತ್ತಿದರೆ ವಜ್ರ ಇಟ್ಟು ಮತ್ತೊಮ್ಮೆ ನೋಡು ಅಂತ ಕೇಳಬಹುದು. ಅಷ್ಟು ಮಟ್ಟಿಗೆ ಅಜ್ಜ ಸಡಿಲ.

ಅದರ ಕೊರತೆ ಬೇರೆ. ಅಜ್ಜ ತೀರಿಹೋಗಿದ್ದಾನೆ, ಅವನ ಜೊತೆ ವಾದ ಮಾಡೋಕಾಗಲ್ಲ. ನಿಮ್ಮ ಮನೆಯ ಉದಾಹರಣೆಯಲ್ಲಿ ಅಪ್ಪ ಎದುರಿಗೇ ಇದ್ದಾನೆ. ಅವನನ್ನು ಒಪ್ಪಿಸಬಹುದು, ಸುಳ್ಳು ಹೇಳಬಹುದು, ಅವ್ವನ ಕಡೆಯಿಂದ ಹೇಳಿಸಬಹುದು. ಆಟ ಇರುವುದು ಅಲ್ಲಿ.

ಇನ್ನೂ ಒಂದು ವಿಷಯ. ಆಸೆ ಅಪ್ಪನಿಂದ ಮಗನಿಗೆ ದಾಟುತ್ತದೆ. ನನ್ನ ತರಗತಿಯಲ್ಲಿ ಪಿಎಸ್‌ಐ ಆಗಬೇಕು ಅನ್ನುವ ಹುಡುಗರಿದ್ದಾರೆ. ಅದರಲ್ಲಿ ಕೆಲವರ ಅಪ್ಪಂದಿರು ಅದೇ ಪರೀಕ್ಷೆ ಬರೆದು ಬಿಟ್ಟವರು. ಅಪ್ಪನಿಗೆ ಆಗಲಿಲ್ಲ, ಆಸೆ ಮಾತ್ರ ಹೋಗಲಿಲ್ಲ. ಇನ್ನು ಈ ಆಸೆ ಸುಮ್ನೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಸಂವಿಧಾನದ 371ಜೆ ವಿಧಿ 2013ರಲ್ಲಿ ಜಾರಿಗೆ ಬಂದ ಮೇಲೆ ನಮ್ಮ ಭಾಗದವರಿಗೆ ನೌಕರಿಯಲ್ಲಿ, ಸೀಟಿನಲ್ಲಿ ಮೀಸಲಾತಿ ಬಂತು. ಮೊದಲು ಕೈಗೆಟುಕದು ಅಂತ ಬಿಟ್ಟಿದ್ದನ್ನು ಜನ ಮತ್ತೆ ಆಸೆಪಡತೊಡಗಿದರು. ಪಾತ್ರದ ಸ್ವಭಾವ ಒಂದಿಷ್ಟೂ ಬದಲಾಗಿಲ್ಲ, ಊರಿನ ನಿಯಮ ಬದಲಾಯ್ತು, ಆಸೆ ಬದಲಾಯ್ತು. ಆಟ ಮಾಡುವವರು ಇದನ್ನು ಬಿಡಬಾರದು. ಗುಣಗಳ ಪಟ್ಟಿಯಿಂದಲೇ ಎಲ್ಲ ಆಸೆ ಹುಟ್ಟಿಸಲು ಹೋದರೆ ಊರು ಬರೀ ಬ್ಯಾಕ್‌ಗ್ರೌಂಡ್ ಚಿತ್ರವಾಗಿ ಉಳಿಯುತ್ತದೆ.

ತೊಗರಿನಾಡು

ಮಾಸ್ತರ್ರೇ, ಅಜ್ಜನ ವಿಷಯ ಒಪ್ಪಿದೆ. ಊರಿನ ನಿಯಮದ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ನಮ್ಮಲ್ಲಿ ಮದುವೆ, ಬೈಕು, ಮನೆಗೆ ಸ್ಲ್ಯಾಬು ಎಲ್ಲವೂ ‘ತೊಗರಿ ಬರಲಿ’ ಅನ್ನುವುದಕ್ಕೆ ಕಟ್ಟಿಹಾಕಿದ್ದು. ಜೂನ್-ಜುಲೈಯಲ್ಲಿ ಬಿತ್ತಿದ್ದು ಡಿಸೆಂಬರ್-ಜನವರಿಗೆ ಕೈಗೆ ಬರಬೇಕು. 2022ರ ಹಂಗಾಮಿನಲ್ಲಿ ನೆಟೆ ರೋಗ ಬಂದು ಹೊಲ ಹೊಲವೇ ಒಣಗಿತು. ಆ ವರ್ಷ ಎಷ್ಟು ಮನೆಗಳಲ್ಲಿ ಎಷ್ಟು ಆಸೆ ಒಂದೇ ಸಲ ಮುಂದಕ್ಕೆ ಹೋದವು! ಯಾರ ತಪ್ಪೂ ಇಲ್ಲ. ಎಲ್ಲ ಪಾತ್ರಗಳ ಆಸೆಯನ್ನೂ ಒಂದೇ ದಾರದಲ್ಲಿ ಎಳೆಯುವಂಥದ್ದು ಆಟದಲ್ಲಿ ಒಂದಾದರೂ ಬೇಕು. ಬಿದ್ರಿಕೈ, ನಿಮ್ಮ ಆಟದಲ್ಲಿ ಅದು ಬೆಳ್ಳಿಯ ಬೆಲೆ ಆಗಬಹುದು ನೋಡಿ.

ಬಿದ್ರಿಕೈ

ಬೆಳ್ಳಿ ಬೆಲೆ! ಅದು ಮೊದಲೇ ಇದೆ, ಆದರೆ ಬರೀ ಖರ್ಚಿನ ಲೆಕ್ಕಕ್ಕೆ ಇಟ್ಟಿದ್ದೆ. ಈಗ ಬೆಲೆ ಏರಿದರೆ ಅಪ್ಪ ಮಗನಿಗೆ ತಾನೇ ‘ಹೋಗು’ ಅನ್ನಬಹುದು. ಅಪ್ಪನ ಆಸೆ ಹಾಗೇ ಇರುತ್ತದೆ, ಬಾಯಲ್ಲಿ ಮಾತ್ರ ಬೇರೆ. ಒಳಗೊಂದು ಹೊರಗೊಂದು ಇರುವ ಪಾತ್ರ ಮಾಡೋದು ಹೇಗೆ?

ಲೂಪ್‌ಒಳಗೆ

ಎರಡು ಕಾಲಂ ಇಡು. ಒಂದರಲ್ಲಿ ಇರುವ ಆಸೆ, ಇನ್ನೊಂದರಲ್ಲಿ ಹೇಳಿದ ಆಸೆ. ಬೇರೆ ಪಾತ್ರಗಳು ಓದುವುದು ಎರಡನೆಯದನ್ನು ಮಾತ್ರ. ಎರಡರ ನಡುವೆ ಅಂತರ ಜಾಸ್ತಿ ಆದಷ್ಟೂ ಆ ಪಾತ್ರಕ್ಕೆ ಒತ್ತಡ ಕೂಡುತ್ತಾ ಹೋಗಲಿ. 2020ರಲ್ಲಿ ಬಂದ, ರಾಜರ ಬದುಕು ಆಡುವ ಕ್ರುಸೇಡರ್ ಕಿಂಗ್ಸ್ 3 ಇದಕ್ಕೆ ಹತ್ತಿರದ ಕೆಲಸ ಮಾಡಿದೆ. ಕರುಣೆಯ ಗುಣ ಇರುವ ರಾಜ ಕ್ರೂರ ಕೆಲಸ ಮಾಡಿದರೆ ಒತ್ತಡ ಏರುತ್ತದೆ. ಮಿತಿ ದಾಟಿದರೆ ಮನಸ್ಸು ಕುಸಿಯುತ್ತದೆ, ಕುಡಿತದಂಥ ಚಟ ಅಂಟಿಕೊಳ್ಳಬಹುದು. ಆಟಗಾರನಿಗೆ ಆ ಕೆಲಸ ಮಾಡಬೇಡ ಅಂತ ಆಟ ಹೇಳಲ್ಲ. ಮಾಡು, ಆದರೆ ಈ ಮನುಷ್ಯನಿಗೆ ಅದು ಕಷ್ಟ ಅನ್ನುತ್ತದೆ. ಆಟಗಾರನ ಗುರಿಗೂ ಪಾತ್ರದ ಸ್ವಭಾವಕ್ಕೂ ಜಗಳ ಹಚ್ಚುವುದು ಹೀಗೆ.

ಹೊಸಬ ಒಬ್ಬ (ಬೀದರ್)

ಇಷ್ಟೆಲ್ಲ ತಲೆಬಿಸಿ ಯಾಕೆ? ಈಗ ಎಐ ಇದೆಯಲ್ಲ. 2025ರ ಮಾರ್ಚ್‌ನಲ್ಲಿ ಬಂದ, ಸಿಮ್ಸ್ ಥರದ್ದೇ ಆಟ ಇನ್‌ಜಾಯ್‌ನಲ್ಲಿ ನಿಮ್ಮ ಕಂಪ್ಯೂಟರಿನಲ್ಲೇ ಓಡುವ ಸಣ್ಣ ಭಾಷಾ ಮಾದರಿ ಇದೆ. ಪಾತ್ರ ಏನು ಯೋಚಿಸುತ್ತಿದೆ ಅಂತ ಅದೇ ಬರೆದು ತೋರಿಸುತ್ತದೆ. ಆಸೆಯನ್ನೂ ಅದೇ ಹುಟ್ಟಿಸಲಿ.

ಲೂಪ್‌ಒಳಗೆ

ಬರೆಯುವುದು ಬೇರೆ, ನೆನಪಿಟ್ಟು ನಡೆಯುವುದು ಬೇರೆ. ‘ನನಗೆ ಹೈದರಾಬಾದಿಗೆ ಹೋಗಬೇಕು’ ಅಂತ ಯಾವ ಮಾದರಿಯಾದರೂ ಚೆಂದವಾಗಿ ಬರೆಯುತ್ತದೆ. ಆರು ತಿಂಗಳ ನಂತರ ಅಪ್ಪನ ಎದುರು ಊಟಕ್ಕೆ ಕೂತಾಗ ಆ ಮಾತನ್ನು ನುಂಗಿಕೊಳ್ಳಬೇಕಾದರೆ, ಅದು ಎಲ್ಲೋ ಒಂದು ಕಡೆ ಸಂಖ್ಯೆಯಾಗಿ, ಸಂಬಂಧವಾಗಿ ಕೂತಿರಬೇಕು. ಮಾದರಿಯನ್ನು ಮಾತಿಗೆ ಬಳಸಿ, ಬೇಡ ಅನ್ನಲ್ಲ. ಲೆಕ್ಕ ನಿಮ್ಮ ಕೈಯಲ್ಲಿ ಇರಲಿ. ಅದೂ ಅಲ್ಲದೆ ಇಬ್ಬರು ಹುಡುಗರು, ಹಳೆಯ ಲ್ಯಾಪ್‌ಟಾಪು, ಯಾವ ಗ್ರಾಫಿಕ್ಸ್ ಕಾರ್ಡಿನ ಮೇಲೆ ಓಡಿಸುತ್ತಾರೆ?

ಬಿದ್ರಿಕೈ

ನಮ್ಮದರಲ್ಲಿ ಬ್ರೌಸರ್ ತೆಗೆದರೇ ಫ್ಯಾನು ಕೂಗುತ್ತದೆ 😅

ರಾತ್ರಿಪಾಳಿ

ಭಯದ ಬಗ್ಗೆ ಆಮೇಲೆ ಯಾರೂ ಮಾತಾಡಲಿಲ್ಲ. ಸಿಮ್ಸ್ 4ರಲ್ಲಿ ಈಗ ಕತ್ತಲೆಯ ಭಯ, ಬೆಂಕಿಯ ಭಯ, ಸಾವಿನ ಭಯ ಎಲ್ಲ ಇವೆ. ಬಂದ ಹೊಸದರಲ್ಲಿ ಅವು ಎಷ್ಟು ಸುಲಭವಾಗಿ ಅಂಟಿಕೊಳ್ಳುತ್ತಿದ್ದವು ಅಂದರೆ ಮನೆಯಲ್ಲಿ ಎಲ್ಲರೂ ಏನಾದರೊಂದಕ್ಕೆ ಹೆದರುತ್ತಿದ್ದರು. ಅದಕ್ಕೇ ನನಗೆ ಬೇಸರ ಬಂತು. ಆದರೆ ಭಯ ಬೇಕೇ ಬೇಕು. ಎಷ್ಟೋ ಆಸೆಗಳು ಭಯದ ಇನ್ನೊಂದು ಮುಖ. ಆ ಅವ್ವನಿಗೆ ಮಗಳ ಮದುವೆ ಆಸೆ ಅಂತ ಬರೆದಿದ್ದೀರಿ. ಅವ್ವನಿಗೆ ಆಸೆ ಇಲ್ಲ, ಭಯ ಇದೆ. ನಾಳೆ ತನಗೇನಾದರೂ ಆದರೆ ಮಗಳಿಗೆ ಯಾರು ಅಂತ. ಮಗಳು ಆ ಭಯವನ್ನು ಬೇರೆ ರೀತಿಯಲ್ಲಿ ಕಳೆದರೆ, ತನ್ನ ಕಾಲ ಮೇಲೆ ನಿಂತು ತೋರಿಸಿದರೆ, ಮದುವೆಯ ಮಾತು ತಾನೇ ತಣ್ಣಗಾಗಬೇಕು. ನಿಮ್ಮ ಲೆಕ್ಕದಲ್ಲಿ ಮದುವೆ ಆಗದೆ ಅವ್ವನಿಗೆ ಸಮಾಧಾನವೇ ಇಲ್ಲ. ಅದು ತಪ್ಪು.

ಸುರಪುರದಾಕೆ

ಇದನ್ನು ನಮ್ಮ ಅವ್ವನಿಗೆ ಓದಿ ಹೇಳಬೇಕು.

ಮನೆಕಟ್ಟುವಾಕೆ

ರಾತ್ರಿಪಾಳಿ ಹೇಳಿದ್ದು ಸರಿ. ಹಾಗಿದ್ದರೆ ನಾನು ಸ್ವಲ್ಪ ಬಗ್ಗುತ್ತೇನೆ, ಆದರೆ ಒಂದು ಷರತ್ತು. ಬೇರೆಯವರ ಆಸೆ ಪರದೆಯ ಮೇಲೆ ಪಟಪಟ ಅಂತ ಹೊಳೆಯಬಾರದು. ಅಂಕ, ಗಂಟೆ, ಕೆಂಪು ಚುಕ್ಕೆ ಯಾವುದೂ ಬೇಡ. ಗಮನ ಕೊಟ್ಟವರಿಗೆ ಕಾಣಲಿ, ಕೊಡದವರನ್ನು ಪೀಡಿಸಬಾರದು. ಅಜ್ಜಿ ಮೊಮ್ಮಗಳ ಚೀಲ ಎತ್ತಿ ಅಟ್ಟದ ಮೇಲೆ ಇಟ್ಟರೆ ಸಾಕು, ಅಜ್ಜಿಗೆ ಏನು ಬೇಕು ಅಂತ ಗೊತ್ತಾಗುತ್ತದೆ. ಮತ್ತೆ ಮನೆ ಚೆನ್ನಾಗಿರಬೇಕು. ಜಗಳ ಆಡೋಕೆ ಒಂದು ಅಡುಗೆಮನೆ, ಮುನಿಸಿಕೊಂಡು ಕೂರೋಕೆ ಒಂದು ಮಾಳಿಗೆ. ಮಾಳಿಗೆ ಇಲ್ಲದ ಮನೆಯಲ್ಲಿ ಜನ ಬೇರೆ ಥರ ಜಗಳ ಆಡುತ್ತಾರೆ, ನೋಡಿ ಬೇಕಾದರೆ.

ಆಳಂದ ಮಾಸ್ತರ

ಮಾಳಿಗೆಯ ಮಾತು ಬಹಳ ದೊಡ್ಡದು. ಇಡೀ ಎಳೆಯಲ್ಲಿ ಇಷ್ಟು ಕೆಲಸಕ್ಕೆ ಬರುವ ಸಲಹೆ ಇನ್ನೊಂದಿಲ್ಲ.

ಬಿದ್ರಿಕೈ

ಎಲ್ಲ ಓದಿ ಗೆಳೆಯನ ಜೊತೆ ಕೂತು ಮಾತಾಡಿದೆ. ಪರೀಕ್ಷೆಗೆ ಬಿಡುವ ಮೊದಲ ಆವೃತ್ತಿ ಹೀಗಿರುತ್ತದೆ. ಒಂದು ಎಳ್ಳಮಾವಾಸ್ಯೆಯಿಂದ ಇನ್ನೊಂದು ಎಳ್ಳಮಾವಾಸ್ಯೆವರೆಗೆ ಆಟ. ಶುರುವಲ್ಲಿ ಎಲ್ಲರೂ ಸೋದರಮಾವನ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಬಜ್ಜಿ ಪಲ್ಯ ಉಂಡು ಬರುತ್ತಾರೆ. ಆ ಊಟದ ಹೊತ್ತಲ್ಲಿ ಒಬ್ಬೊಬ್ಬರ ಆಸೆ ಮಾತಿನ ನಡುವೆ ಹೊರಬೀಳುತ್ತದೆ, ಕೆಲವರದು ಬೀಳುವುದಿಲ್ಲ. ಪ್ರತಿ ಆಸೆಗೂ ಯಾರ ಮೇಲಿನ ಆಸೆ, ಎಲ್ಲಿಂದ ಬಂತು, ಹೇಳಿದ್ದಾ ಇಲ್ಲವಾ ಅಂತ ಮೂರು ಗುರುತು. ಈಡೇರದ ಆಸೆ ಅಳಿಸಿಹೋಗಲ್ಲ, ಕೆಳಗಿಳಿದು ಹಳೆಯದರ ಪಟ್ಟಿಗೆ ಸೇರುತ್ತದೆ, ಸುರಪುರದಾಕೆ ಅಕ್ಕ ಹೇಳಿದ ಹಾಗೆ. ಅಲ್ಲಿಂದ ಮುಂದಿನ ಪೀಳಿಗೆಗೆ ದಾಟಬಹುದು. ಅಂಕ ತೆಗೆದುಹಾಕಿದ್ದೇವೆ. ಗೆದ್ದಿರಿ, ಸೋತಿರಿ ಅನ್ನುವ ಪರದೆಯೂ ಇಲ್ಲ. ಗೆಳೆಯನಿಗೆ ಇದು ಇಷ್ಟ ಇಲ್ಲ, ಕೊನೆಗೆ ಏನಾದರೂ ತೋರಿಸಬೇಕು ಅಂತ ಹಟ ಹಿಡಿದಿದ್ದಾನೆ. ಆ ಜಗಳ ಇನ್ನೂ ಮುಗಿದಿಲ್ಲ.

ಒಂದು ತಾಂತ್ರಿಕ ತೊಡಕು ಉಳಿದಿದೆ. ಮಗ ಹೈದರಾಬಾದಿನ ಕೆಲಸಕ್ಕೆ ಅರ್ಜಿ ಹಾಕಿದ್ದು ಅಪ್ಪನಿಗೆ ಗೊತ್ತಾಗಬೇಕು. ಯಾವಾಗ ಗೊತ್ತಾಗಬೇಕು, ಯಾರಿಂದ? ಮಗ ತಾನೇ ಹೇಳಿದರೆ ಕಥೆ ಬೇಗ ಮುಗಿಯುತ್ತದೆ. ಹೇಳದೇ ಇದ್ದರೆ ಅಪ್ಪನ ಕಾಲಂ ಖಾಲಿಯೇ ಉಳಿಯುತ್ತದೆ, ಮುಂದಿನ ಯಾವ ಘಟನೆಯೂ ನಡೆಯಲ್ಲ.

ತೊಗರಿನಾಡು

ಅವ್ವನಿಗೆ ಮೊದಲು ಗೊತ್ತಾಗಲಿ.

ಲೂಪ್‌ಒಳಗೆ

ಅವ್ವ ಹೇಳಲ್ಲ. ಮಗನ ಪರವಾಗಿ ತಿಂಗಳುಗಟ್ಟಲೆ ಮುಚ್ಚಿಡುತ್ತಾಳೆ. ಮತ್ತೆ ಅದೇ ಖಾಲಿ ಕಾಲಂ.

ರಾತ್ರಿಪಾಳಿ

ಒಬ್ಬ ಸೋದರತ್ತೆಯನ್ನು ಸೇರಿಸಿ. ಬೇರೆ ಊರಲ್ಲಿರಲಿ, ಆಟದಲ್ಲಿ ಮುಖವೂ ಬೇಡ, ಬರೀ ಫೋನ್. ಅವ್ವ ಅವಳಿಗೆ ಮಾತ್ರ ಹೇಳುತ್ತಾಳೆ, ಯಾರಿಗೂ ಹೇಳಬೇಡ ಅಂತ.

ಬಿದ್ರಿಕೈ

ಅದಾದ ಎಷ್ಟು ದಿನಕ್ಕೆ ಅಪ್ಪನಿಗೆ ಗೊತ್ತಾಗಬೇಕು?

ಮನೆಕಟ್ಟುವಾಕೆ

ದಿನವಾ?